ಬಾಣಂತಿಗೆ ನೀರು ಕೊಡದ ತಾಯಿ

ಮಗಳು ಚೊಚ್ಚಲ ಹೆರಿಗೆಗೆ ನಮ್ಮೂರು ಮೆಟ್ರಿಗೆ ಬಂದಳು. ಬಾಣಂತನ ನಾನೇ ಮಾಡಿದೆ. ಅವಳ ಮೂಲವ್ಯಾಧಿ ಉಲ್ಬಣಿಸಿದ್ದೂ ನನ್ನ ಕೈಯಿಂದಲೇ.

ನಮ್ಮ ಕಡೆ ಬಾಣಂತಿಗೆ ನೀರನ್ನು ಅಳೆದು ಕೊಡುವ ವಾಡಿಕೆ ಇನ್ನೂ ಎಷ್ಟೋ ಮನೆಗಳಲ್ಲಿದೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಕೂಸಿಗೆ ನೆಗಡಿಯಾಗುತ್ತದೆ ಎಂಬ ಹೆದರಿಕೆ. ಕಾಳು ವಾಯು, ಹಣ್ಣು ಥಂಡಿ. ಉಳಿಯುವುದು ಬಿಸಿ ಅನ್ನ, ತುಪ್ಪ, ಬೆಳ್ಳುಳ್ಳಿ, ಮೆಣಸಿನ ಸಾರು. ನಮ್ಮವ್ವ ನನಗೆ ಮಾಡಿದ್ದನ್ನೇ ನಾನು ಮಗಳಿಗೆ ಮಾಡಿದೆ, ಅದೂ ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ.

“ಯವ್ವಾ, ಬಾಯಿ ಒಣಗತೈತಿ, ಇನ್ನೊಂದು ಲೋಟ ಕೊಡ.”

“ತಡಕೋ ತಂಗೀ, ಕೂಸಿಗೆ ಆಗಂಗಿಲ್ಲ.”

ಬಸಿರಿನಲ್ಲಿ ಗರ್ಭದ ಭಾರಕ್ಕೆ ಗುದದ ಸುತ್ತಲಿನ ರಕ್ತನಾಳಗಳು ಉಬ್ಬುತ್ತವೆ, ಹೆರಿಗೆಯಲ್ಲಿ ತಿಣುಕುವಾಗ ಇನ್ನಷ್ಟು. ಅದರ ಮೇಲೆ ನೀರೂ ಇಲ್ಲ, ನಾರಿನಂಶವೂ ಇಲ್ಲ ಎಂದರೆ ಮಲ ಕಲ್ಲಾಗುತ್ತದೆ. ಹಾಲೂಡಿಸುವವಳಿಗೆ ಉಳಿದವರಿಗಿಂತ ಹೆಚ್ಚೇ ನೀರು ಬೇಕು. ಇದೆಲ್ಲ ನನಗೆ ಆಮೇಲೆ ತಿಳಿಯಿತು.

ಬಟ್ಟೆಯಲ್ಲಿ ಕೆಂಪು ಕಂಡರೂ ಬಾಣಂತಿಯ ರಕ್ತಸ್ರಾವ ಎಂದುಕೊಂಡು ಒಗೆದು ಹಾಕಿದೆ. ಕಣ್ಣು ತೆರೆದದ್ದು ಅವಳು ಕೂಸಿಗೆ ಹಾಲು ಕೊಡುವುದನ್ನು ನೋಡಿದಾಗ. ಚಾಪೆಯ ಮೇಲೆ ಕೂರಲಾಗದೆ, ಗೋಡೆ ಹಿಡಿದು ಕೆಳಗಿಳಿದು, ಒಂದೇ ಮಗ್ಗುಲಿಗೆ ಮಲಗಿ, ತುಟಿ ಕಚ್ಚಿಕೊಂಡು ಮೊಲೆ ಕೊಡುತ್ತಿದ್ದಳು.

ಆಗಲೂ ತಪ್ಪೇ ಮಾಡಿದೆ. “ಉಷ್ಣ ಆಗೈತಿ” ಎಂದು ಆಶಾ ಕಾರ್ಯಕರ್ತೆ ಕೊಟ್ಟಿದ್ದ ಕಬ್ಬಿಣಾಂಶದ ಮಾತ್ರೆ ನಿಲ್ಲಿಸಿಬಿಟ್ಟೆ. ಆ ಮಾತ್ರೆಯಿಂದ ಕೆಲವರಿಗೆ ಮಲ ಗಟ್ಟಿಯಾಗುವುದು ನಿಜ. ಆದರೆ ಹೆರಿಗೆಯಾದ ಮೇಲೂ ಅದನ್ನು 180 ದಿನ ನುಂಗಬೇಕು; ರಕ್ತ ಹೋಗುತ್ತಿರುವವಳಿಗೆ ನಿಲ್ಲಿಸುವುದು ಇನ್ನೂ ಕೇಡು.

ನನ್ನನ್ನು ಹೆಚ್ಚು ಕಾಡುವುದು ಬೇರೆ. ಈ ನೋವು ನನಗೂ ಗೊತ್ತಿತ್ತು. ನಮ್ಮ ಕಾಲಕ್ಕೆ ಮನೆಯಲ್ಲಿ ಪಾಯಿಖಾನೆ ಇರಲಿಲ್ಲ. ಹೆಣ್ಣುಮಕ್ಕಳು ಕತ್ತಲಾಗುವವರೆಗೆ ಕಾಯಬೇಕಿತ್ತು. ಹಗಲಲ್ಲಿ ಹೋಗುವಂತಾಗಬಾರದೆಂದು ನೀರನ್ನೇ ಬಿಡುತ್ತಿದ್ದೆವು. ರಕ್ತ ಬಿದ್ದರೂ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮಗಳೂ ನನ್ನ ಹತ್ತಿರ ಬಾಯಿ ಬಿಡುತ್ತಿದ್ದಳೇನೋ.

ಕೊನೆಗೆ ಮಗಳನ್ನು ಕಂಪ್ಲಿಯ ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರಮ್ಮ ಮೊದಲು ಕೇಳಿದ್ದೇ ಎಷ್ಟು ನೀರು ಕುಡಿಯುತ್ತೀ ಎಂದು. ನಾನು ತಲೆ ತಗ್ಗಿಸಿದೆ. ಅವರು ಹೇಳಿದ್ದು ಮನೆಯಲ್ಲೇ ಆಗುವಂಥದ್ದು. ಅಗಲ ಟಬ್ಬಿನಲ್ಲಿ ಮೊಣಕೈಗೆ ಹಿತವೆನಿಸುವಷ್ಟು ಬೆಚ್ಚಗಿನ ನೀರು ಹಾಕಿ, ಸೊಂಟದ ಕೆಳಭಾಗ ಮುಳುಗುವಂತೆ ಹತ್ತು ಹದಿನೈದು ನಿಮಿಷ ಕೂರುವುದು, ದಿನಕ್ಕೆ ಎರಡು ಮೂರು ಸಲ. ಸೋಪು, ಉಪ್ಪು, ಡೆಟಾಲ್ ಏನೂ ಬೇಡ. ಹೆರಿಗೆಯ ಹೊಲಿಗೆ ಇದ್ದರೆ ಡಾಕ್ಟರನ್ನು ಕೇಳಿಯೇ ಮಾಡಬೇಕು. ಆಮೇಲೆ ಹಳೆ ಸೀರೆಯ ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸುವುದು, ಉಜ್ಜಬಾರದು. ರಾತ್ರಿ ಇಸಬ್‌ಗೋಲ್, ಅದರ ಜತೆ ತುಂಬಿದ ಲೋಟ ನೀರು. ನೀರು ಕಡಿಮೆಯಾದರೆ ಅದೇ ಕಟ್ಟಿಕೊಳ್ಳುತ್ತದೆ. ತಿಣುಕಬಾರದು, ಪಾಯಿಖಾನೆಯಲ್ಲಿ ಹೊತ್ತು ಕಳೆಯಬಾರದು. ಮುಲಾಮು ಮಾತ್ರ ಹಾಲೂಡಿಸುತ್ತೇನೆಂದು ಹೇಳಿಯೇ ಬರೆಸಿಕೊಳ್ಳಬೇಕು.

ಪಥ್ಯ ಮುರಿದೆ. ಜೋಳದ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯ, ಬಾಳೆಹಣ್ಣು ತಟ್ಟೆಗೆ ಬಂದವು. ನೀರಿನ ತಂಬಿಗೆ ಅವಳ ಮಗ್ಗುಲಲ್ಲೇ ಇಟ್ಟೆ. ಕೂಸಿಗೆ ನೆಗಡಿಯಾಗಲಿಲ್ಲ. ಮಗಳು ನಿಧಾನಕ್ಕೆ ಕೂತು ಹಾಲು ಕೊಡುವಂತಾದಳು.

ಬಾಣಂತನ ಮಾಡುವ ಅವ್ವಂದಿರೇ, ಅತ್ತೆಯರೇ, ನೀರು ಕೊಡಿ. ನೋವಿದೆಯೇ, ರಕ್ತ ಹೋಗುತ್ತಿದೆಯೇ ಎಂದು ಸಂಕೋಚ ಬಿಟ್ಟು ಕೇಳಿ. ರಕ್ತ ನಿಲ್ಲದಿದ್ದರೆ, ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾದರೆ, ತಲೆ ಸುತ್ತಿದರೆ, ಗುದದ ಗಂಟು ನೀಲಿಗಟ್ಟಿ ನೋವು ತಡೆಯಲಾಗದಿದ್ದರೆ, ಜ್ವರ ಬಂದರೆ ಟಬ್ಬಿನ ನೀರನ್ನು ನಂಬಿ ಕೂರಬೇಡಿ. ಮೂಲವ್ಯಾಧಿ ವಾಸಿ ಮಾಡುತ್ತೇವೆಂಬ ಗೋಡೆಬರಹ ನೋಡಿ ಇಂಜೆಕ್ಷನ್ ಹಾಕಿಸಲೂ ಹೋಗಬೇಡಿ. ಅಂದೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.