ಮುರುಗಲಿನ ಡಬ್ಬಿ ಮತ್ತು ಕುಂಬಾರ ಕಪ್ಪೆ

ಪ್ರೀತಿಯ ಕೂಸೇ,

ನಿನ್ನೆ ಶಿರಸಿಯಲ್ಲಿ ಮಂಗಳೂರು ಬಸ್ಸಿಗೆ ಕೊಟ್ಟ ಡಬ್ಬಿ ತಲುಪಿತಾ? ಈ ವರ್ಷದ ಮುರುಗಲು ಸಿಪ್ಪೆ ಅದು. ಮಳೆ ಬೇಗ ಬಂದು ಅರ್ಧಕ್ಕರ್ಧ ಬೂಸು ಹಿಡಿಯಿತು. ಉಳಿದದ್ದರಲ್ಲಿ ಚೆಂದದ್ದನ್ನೆಲ್ಲ ಆರಿಸಿ ನಿನಗೇ ಹಾಕಿದ್ದೇನೆ. ನಿನ್ನ ರೂಮಿನ ಹುಡುಗಿ ಅದನ್ನು ‘ಪುನರ್ಪುಳಿ’ ಅಂದರೆ ಜಗಳಕ್ಕೆ ನಿಲ್ಲಬೇಡ. ಪುಣೆಯ ಅತ್ತಿಗೆಗೆ ಅದೇ ‘ಕೋಕಂ’. ಮೊನ್ನೆ ಅಳುತ್ತ ಫೋನ್ ಮಾಡಿದೆಯಲ್ಲ, ಉರು ಹೊಡೆಯಲು ಕೊಟ್ಟ ವೈಜ್ಞಾನಿಕ ಹೆಸರುಗಳ ಆ ಪಟ್ಟಿಯಲ್ಲಿ ‘ಗಾರ್ಸಿನಿಯಾ ಇಂಡಿಕಾ’ ಅಂತ ಇದ್ದರೆ ಅದೂ ಈ ಡಬ್ಬಿಯೊಳಗಿನದೇ. ಮೂರು ಊರಿನ ಮೂರು ಹೆಸರಿನ ಜಗಳ ಬಿಡಿಸಲಿಕ್ಕೇ ಆ ನಾಲ್ಕನೆಯದು.

ಅಳುವಂಥದ್ದೇನಿದೆ ಮಾರಾಯ್ತಿ, ಇರುವುದು ಎರಡೇ ಪದ. ಮೊದಲಿನದು ಕುಲ, ಆಮೇಲಿನದು ಪ್ರಭೇದ. ಹಿಂದೆಲ್ಲ ಒಂದು ಗಿಡದ ಹೆಸರು ಹೇಳಬೇಕೆಂದರೆ ಲ್ಯಾಟಿನ್ನಿನಲ್ಲಿ ಉದ್ದದ ವರ್ಣನೆಯನ್ನೇ ಒಪ್ಪಿಸಬೇಕಿತ್ತು. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ‘ಸ್ಪೀಶೀಸ್ ಪ್ಲಾಂಟಾರಮ್’ ತಂದು ಗಿಡಗಳ ಹೆಸರನ್ನು ಎರಡು ಪದಕ್ಕೆ ಇಳಿಸಿದ. ಅವನಿಗಿಂತ ಮೊದಲು ಹುಟ್ಟಿದ್ದರೆ ನಿನ್ನ ಗತಿ ಏನಾಗುತ್ತಿತ್ತೋ!

ಅವನದೂ ಎಲ್ಲ ಸರಿ ಅಂತೇನಿಲ್ಲ. ನಮ್ಮ ಹುಣಸೆ ‘ಟ್ಯಾಮರಿಂಡಸ್ ಇಂಡಿಕಾ’ ಆಯಿತು. ಅರಬರು ‘ತಮರ್ ಹಿಂದ್’, ಅಂದರೆ ಹಿಂದೂಸ್ಥಾನದ ಖರ್ಜೂರ ಎಂದದ್ದರಿಂದ ಬಂದ ಪದ, ಅದರ ಬೆನ್ನಿಗೆ ಮತ್ತೊಮ್ಮೆ ಇಂಡಿಕಾ. ಮರದ ತವರು ನೋಡಿದರೆ ಆಫ್ರಿಕಾ! ಆದರೂ ತಿದ್ದುವಂತಿಲ್ಲ. ನಿಯಮದಂತೆ ಮೊದಲು ಪ್ರಕಟವಾದ ಹೆಸರಿಗೇ ಹಕ್ಕು, ಅರ್ಥ ತಪ್ಪು ಅಂತ ಕಿತ್ತುಹಾಕುವ ಹಾಗಿಲ್ಲ. ಆರಡಿ ಎತ್ತರದ ಮಾವನನ್ನು ಊರೆಲ್ಲ ಇವತ್ತಿಗೂ ‘ಪುಟ್ಟ’ ಅನ್ನುತ್ತದಲ್ಲ, ಹಾಗೆ.

ಕುಲ ಮಾತ್ರ ಬದಲಾಗುವುದುಂಟು. ನಾನು ಕಲಿಯುವಾಗ ಸಂಪಿಗೆ ‘ಮಿಚೇಲಿಯಾ ಚಂಪಕಾ’, ಈಗ ‘ಮ್ಯಾಗ್ನೋಲಿಯಾ ಚಂಪಕಾ’. ಮದುವೆಯಾಗಿ ಮನೆತನ ಬದಲಾಯಿತು, ತವರಿನ ಚಂಪಕಾ ಹಾಗೇ ಉಳಿಯಿತು. ಅಟ್ಟದ ಮೇಲಿನ ನನ್ನ ಹಳೇ ನೋಟ್ಸು ನೋಡಿ ಬರೆದು ಅಂಕ ಕಳಕೊಂಡೀಯೆ, ಜೋಕೆ.

ಈಗ ಒಂದು ಕಪ್ಪೆಯ ವಿಷಯ. ಸಿದ್ದಾಪುರದ ಕತ್ತಲೆಕಾನು ಗೊತ್ತಲ್ಲ, ರಾಮಪತ್ರೆ ಜಡ್ಡಿಯ ಆ ಜೌಗು ಕಾಡು. ಅಲ್ಲಿಯ ಹಳ್ಳದಂಚಿನಲ್ಲಿ ಒಂದು ಪುಟ್ಟ ಕಪ್ಪೆಯಿದೆ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಹಿಂಗಾಲ ಮೇಲೆ ನಿಂತು, ಮುಂಗೈಯಲ್ಲಿ ಹಳ್ಳದ ಕೆಸರು ಬಾಚಿಕೊಂಡು ಮೊಟ್ಟೆಗಳಿಗೆ ಮೆತ್ತುತ್ತದೆ. ಮೆತ್ತುವುದು, ಮತ್ತೆ ಬಾಚುವುದು, ಮತ್ತೆ ಮೆತ್ತುವುದು. ವಿಜ್ಞಾನಿ ಕೆ. ವಿ. ಗುರುರಾಜ ಮತ್ತು ಸಂಗಡಿಗರು ರಾತ್ರಿಯ ಕತ್ತಲಲ್ಲಿ ಇದನ್ನು ನೋಡಿ 2014ರಲ್ಲಿ ಇಟ್ಟ ಹೆಸರು ‘ನಿಕ್ಟಿಬ್ಯಾಟ್ರಾಕಸ್ ಕುಂಬಾರ’. ಮೊದಲಿನದು ಗ್ರೀಕಿನಿಂದ ಬಂದದ್ದು, ಇರುಳ ಕಪ್ಪೆ ಅಂತ ಅರ್ಥ. ಎರಡನೆಯದನ್ನು ನಾನು ಬಿಡಿಸಿ ಹೇಳಬೇಕಾ? ಜಪಾನಿನವರೇ ಇರಲಿ, ಬ್ರೆಜಿಲಿನವರೇ ಇರಲಿ, ಇನ್ನು ಮೇಲೆ ‘ಕುಂಬಾರ’ ಅಂತಲೇ ಬರೆಯಬೇಕು. ಮೊದಲ ಸಲ ಓದಿದ ದಿನ ನನಗೆ ಎಷ್ಟು ಹಿಗ್ಗಾಯಿತೆಂದರೆ, ಒಲೆಯ ಮೇಲಿನ ಹಾಲು ಉಕ್ಕಿ ಆಯಿಯಿಂದ ಬೈಸಿಕೊಂಡೆ.

ಈ ಹೆಸರು ನಿನಗೆ ಇನ್ನು ಮರೆತೀತಾ? ಪಟ್ಟಿಯ ಉಳಿದವನ್ನೂ ಹೀಗೇ ಒಂದೊಂದಾಗಿ ಹಿಡಿದು, ಯಾರು ಏನನ್ನು ನೋಡಿ ಹಾಗೆ ಕರೆದರು ಅಂತ ಹುಡುಕು. ಸಿಗದಿದ್ದವನ್ನು ಮಾತ್ರ ಉರು ಹೊಡಿ. ಕೈಯಲ್ಲಿ ಬರೆಯುವಾಗ ಮೊದಲ ಪದದ ಮೊದಲಕ್ಷರ ದೊಡ್ಡದು, ಎರಡನೆಯದರದ್ದು ಸಣ್ಣದು, ಎರಡಕ್ಕೂ ಬೇರೆಬೇರೆ ಅಡಿಗೆರೆ. ನೀನು ಒಂದೇ ಗೀಟು ಎಳೆಯುವವಳು, ನನಗೆ ಗೊತ್ತು.

ರಾತ್ರಿ ನಿದ್ದೆಗೆಟ್ಟು ಓದಬೇಡ. ಪರೀಕ್ಷೆ ಮುಗಿಸಿ ಬರುವಾಗ ಡಬ್ಬಿ ಮರೆಯದೆ ತಾ, ಅದು ಆಯಿಯದು.

ನಿನ್ನ
ಅಕ್ಕ