ಮಗನ ಜೆಟ್ಟು ಬೋಟುದೆ ಎಂಗಳ ತೋಟದ ಪಂಪುದೆ

ಜೆಟ್ಟು ಹೇಳಿರೆ ಎನಗೆ ಗೊಂತಿದ್ದದು ತೋಟಲ್ಲಿ ತಿರುಗುವ ಜೆಟ್ಟು ಮಾಂತ್ರ. ಇರುಳು ಕರೆಂಟು ಬಂದಪ್ಪಗ ಎದ್ದು ಹೋಗಿ ಪಂಪು ಹಾಕಿರೆ ಅಡಕ್ಕೆ ಮರಂಗಳ ಎಡೆಲಿ ಟಕ್ ಟಕ್ ಹೇಳಿ ನೀರು ರಟ್ಟುಸಿಗೊಂಡು ತಿರುಗುತ್ತನ್ನೆ, ಅದು. ಹಾಂಗಾಗಿ ಮಗ ನ್ಯೂಜಿಲೆಂಡಿಂದ ಫೋನು ಮಾಡಿ, "ಅಮ್ಮಾ, ಆನುದೆ ಇಲ್ಲಿ ನೆರೆಕರೆಯ ಒಬ್ಬ ಅಜ್ಜನುದೆ ಸೇರಿ ಒಂದು ಹಳೆ ಜೆಟ್ ಬೋಟು ತೆಕ್ಕೊಂಡಿದೆಯೊ" ಹೇಳಿಯಪ್ಪಗ ಆನು ಕೇಳಿದ್ದು, "ಅಲ್ಲಿ ಏವ ತೋಟಕ್ಕೆ ನೀರು ಹಾಕುದು ಮಗಾ?" ಹೇಳಿ. ಹಿಂದಂದ ಸೊಸೆ ನೆಗೆ ಮಾಡುದು ಕೇಳಿತ್ತು. ಈಗ ಗ್ರೇಶಿರೆ ಆನು ಕೇಳಿದ್ದು ಅಷ್ಟೇನೂ ತಪ್ಪಲ್ಲ.

ಆನು ಅಲ್ಲಿಗೆ ಹೋದ್ದು ಸೊಸೆಯ ಬಾಳಂತನಕ್ಕೆ. ಅದರ ಅಬ್ಬೆಗೆ ಗೆಂಟುಬೇನೆ, ವಿಮಾನಲ್ಲಿ ಅಷ್ಟೊತ್ತು ಕೂಪಲೆ ಎಡಿತ್ತಿಲ್ಲೆ. ಇಲ್ಲಿ ಅಡಕ್ಕೆ ಕೊಯ್ಲು, ದನಗೊ, ಇವರ ಮಾತ್ರೆ ಎಲ್ಲ ತಂಗೆಯ ಕೈಲಿ ಒಪ್ಪುಸಿಕ್ಕಿ, ಬಾಳಂತಿ ಮದ್ದಿನ ಹೊಡಿಯುದೆ ಕಟ್ಟಿಗೊಂಡು ಹೋದೆ. ಮಗ ಇಪ್ಪದು ಕ್ರೈಸ್ಟ್‌ಚರ್ಚಿಲಿ. ಡಿಸೆಂಬರು ಹೇಳಿರೆ ಅಲ್ಲಿ ಸೆಕೆಗಾಲ. ಸೆಕೆಗಾಲ ಹೇಳುದು ಅವರ ಬಾಯಿಲಿ, ಎನಗೆ ಉದಿಯಪ್ಪಗ ಸ್ವೆಟರು ಬೇಕೇ ಬೇಕು.

ಊರಿನ ಬಡಗಕ್ಕೆ ವೈಮಾಕರಿರಿ ಹೇಳ್ತ ಹೊಳೆ. ನಮ್ಮ ನೇತ್ರಾವತಿಯ ಹಾಂಗೆ ಒಂದೇ ಆಗಿ ಹರಿವದಲ್ಲ. ಅಗಾಲದ ಕಲ್ಲು ಹಾಸಿದ ಜಾಗೆಲಿ ಹತ್ತು ಕವಲಾಗಿ ಒಡದು, ಮತ್ತೆ ಸೇರಿ, ಪುನಾ ಒಡದು, ಜೆಡೆ ಹೆಣದ ಹಾಂಗೆ ಕಾಣ್ತು. ಕೆಲವು ದಿಕ್ಕೆ ನೀರು ಮೊಳಕಾಲಿಂಗುದೆ ಬತ್ತಿಲ್ಲೆ. ಸಾಮಾನ್ಯ ಮೋಟರು ಬೋಟಿಂಗೆ ಅಡಿಲಿ ಪಂಕ ಇರ್ತಲ್ಲದಾ, ಹೀಂಗಿಪ್ಪ ಹೊಳೆಲಿ ಅದು ಕಲ್ಲಿಂಗೆ ತಾಗಿ ತುಂಡಕ್ಕು. ಅದಕ್ಕೆ ಆ ಸೀಮೆಯವೇ ಆದ ಬಿಲ್ ಹ್ಯಾಮಿಲ್ಟನ್ ಹೇಳ್ತ ಒಬ್ಬ ಕುರಿ ಸಾಂಕುವ ಕೃಷಿಕ 1954ರಲ್ಲಿ ಜೆಟ್ ಬೋಟು ಮಾಡಿದ್ದಡ. ಮದಲಾಣ ಬೋಟಿಲಿ ನೀರು ಅಡಿಂದಲೇ ಹೆರ ಬಂದುಗೊಂಡಿತ್ತಡ, ಮತ್ತೆ ಹೊಳೆ ನೀರಿಂದ ಮೇಲೆ ಹೆರ ಹಾಕುವ ಹಾಂಗೆ ಮಾಡಿಯಪ್ಪಗ ವೇಗ ಜಾಸ್ತಿ ಆತಡ. ಎವರೆಸ್ಟು ಹತ್ತಿದ ಹಿಲರಿ 1977ರಲ್ಲಿ ಈ ಜಾತಿ ಬೋಟಿಲಿಯೇ ಗಂಗಾಸಾಗರಂದ ಗಂಗೆಲಿ ಮೇಲಂಗೆ ಹೋಗಿ, ನಂದಪ್ರಯಾಗದ ಹತ್ತರೆ ಅಬ್ಬಿ ಅಡ್ಡ ಬಂದ ಕಾರಣ ಬೋಟು ಬಿಟ್ಟದಡ. ಇದೆಲ್ಲ ಬೋಟಿನ ಅಜ್ಜ ಹೇಳಿದ್ದು. ಅಜ್ಜಂಗೆ ಎಪ್ಪತ್ತರ ಮೇಲೆ ಆತು, ಮಾತು ಕಮ್ಮಿ, ಆದರೆ ಬೋಟಿನ ಸುದ್ದಿ ತೆಗದರೆ ಕಾಪಿ ತಣುದರೂ ಗೊಂತಾಗ.

ಅಜ್ಜ ಅಂಗಳಲ್ಲಿ ಬೋಟಿನ ಅಡಿ ತೋರುಸಿಯಪ್ಪಗ ಎನಗೆ ನೆಗೆ ಬಂತು. ಹೊಟ್ಟೆಯ ಹತ್ತರೆ ಒಂದು ಒಟ್ಟೆ, ಅದಕ್ಕೆ ಕಬ್ಬಿಣದ ಸರಳಿನ ಜಾಲರಿ. ಅಲ್ಲಿಂದ ನೀರು ಒಳ ಹೋಪದು, ಒಳ ಎಂಜಿನು ತಿರುಗುಸುವ ಇಂಪೆಲ್ಲರು, ಹಿಂದಾಣ ಸಣ್ಣ ಬಾಯಿಲಿ ನೀರು ಜೋರು ಹೆರ ರಟ್ಟುದು. ಇದು ಪಂಪೇ ಅಲ್ಲದಾ! ಜಾಲರಿ ಹೇಳಿರೆ ನಮ್ಮ ಫುಟ್‌ವಾಲ್ವಿನ ಬುಟ್ಟಿ. ನಮ್ಮದು ನೀರಿನ ತೋಟಕ್ಕೆ ದೂಡ್ತು, ಇದು ನೀರಿನ ಹಿಂದಂಗೆ ದೂಡಿ ತಾನು ಮುಂದೆ ಹೋವುತ್ತು. ಅಷ್ಟೇ ವೆತ್ಯಾಸ.

ಬಾಬೆಗೆ ನಲುವತ್ತು ಕಳುದ ಮತ್ತಾಣ ಆಯಿತ್ಯವಾರ ಮಗ, "ಬಾ ಅಮ್ಮಾ, ಒಂದರಿ ಹೋಗಿ ಬಪ್ಪೊ" ಹೇಳಿದ. ಎನಗೆ ಮನಸ್ಸಿತ್ತಿಲ್ಲೆ. ಸೊಸೆಯೇ, "ಹೋಗಿ ಅತ್ತೆ, ಬಂದಲ್ಲಿಂದ ಅಡಿಗೆ ಒಳವೇ ಇದ್ದಿ. ಹನ್ನೆರಡು ಗಂಟೆಯೊಳ ಬಂದರೆ ಆತು, ಎನಗೆ ಒಬ್ಬಂಗೇ ಬಾಬೆಯ ಮೀಶುಲೆ ಹೆದರಿಕೆ ಆವುತ್ತು" ಹೇಳಿತ್ತು. ಚೂಡಿದಾರದ ಮೇಲಂಗೆ ಲೈಫ್ ಜಾಕೆಟ್ಟು ಬಿಗುದು ಬೋಟಿಲಿ ಕೂದೆ. ಮೇಲಂಗೆ ಹೋಪಗ ಭಾರೀ ಕೊಶಿ ಆತು. ಬೋಟು ನೀರಿಂದ ಎದ್ದು ಕಲ್ಲಿನ ಮೇಲೆಯೇ ಜಾರಿದ ಹಾಂಗೆ ಹೋವುತ್ತು. ಎನ್ನ ಬಾಯಿಲಿ ರಾಮನಾಮ, ಮಗನ ಕೈಲಿ ಮೊಬೈಲು.

ತಿರುಗಿ ಬಪ್ಪಗ ಆತು ಎಡವಟ್ಟು. ಒಂದು ತಿರುವು ಕಳುದ ಕೂಡ್ಲೆ ಎಂಜಿನು ಒಂದರಿಯೇ ಬೊಬ್ಬೆ ಹಾಕುಲೆ ಸುರು ಮಾಡಿತ್ತು. ಬೊಬ್ಬೆ ಜೋರು, ಬೋಟು ಮಾಂತ್ರ ಮೆಲ್ಲಂಗೆ. ಎದ್ದುಗೊಂಡಿದ್ದ ಬೋಟು ನೀರಿಂಗೆ ಕೂದತ್ತು. ಒಂದು ವಿಷಯ ನಿಂಗೊಗೆ ಹೇಳೆಕ್ಕು. ಈ ಬೋಟಿಂಗೆ ಚುಕ್ಕಾಣಿ ಬೇರೆ ಇಲ್ಲೆ. ಹಿಂದಂದ ರಟ್ಟುವ ನೀರಿನ ಎಡತ್ತೋ ಬಲತ್ತೋ ತಿರುಗುಸಿಯೇ ಬೋಟಿನ ತಿರುಗುಸುದು. ಹಾಂಗಾಗಿ ನೀರು ರಟ್ಟದ್ರೆ ಹೋಪಲೂ ಆಗ, ತಿರುಗುಲೂ ಆಗ. ಮುಂದೆ ಕರೆಲಿ ಒಂದು ವಿಲ್ಲೋ ಮರ ಹೊಳಗೆ ಅಡ್ಡ ಬಿದ್ದುಗೊಂಡಿತ್ತು. ನೀರು ಅದರ ಗೆಲ್ಲುಗಳ ಎಡೆಂದ ನುಗ್ಗಿ ಹೋವುತ್ತು, ಬೋಟೋ ಮನುಷ್ಯರೋ ಆದರೆ ಅಲ್ಲೇ ಸಿಕ್ಕಿ ಬೀಳುಗು. ಎಂಗಳ ಹೊಳೆ ಅಲ್ಲಿಗೇ ಕೊಂಡೋಗಿಗೊಂಡಿತ್ತು. ಮಾಡಿನ ಸೋಗೆ ಜಾರಿದ ಹಾಂಗೆ ಎನ್ನ ಹೊಟ್ಟೆ ಒಳ ಎಂತದೋ ಜಾರಿತ್ತು. ಅಜ್ಜ ಒಂದು ಮಾತೂ ಆಡದ್ದೆ, ಒಳುದ ರಜ ಶೆಗ್ತಿಲಿ ಬೋಟಿನ ಓರೆ ಮಾಡಿದವು. ಮಗ ಹಗ್ಗ ಹಿಡುದು ಸೊಂಟದ ವರೆಗಾಣ ನೀರಿಂಗೆ ಹಾರಿದ. ಹೇಂಗೋ ಕಲ್ಲಿನ ದಿಬ್ಬಕ್ಕೆ ಎಳದು ತಂದವು.

ಫೋನಿಂಗೆ ಸಿಗ್ನಲು ಇಲ್ಲೆ. ಗಂಟೆ ಹನ್ನೊಂದಾತು. ಮನೆಲಿ ಬಾಬೆ, ಬಾಳಂತಿ. ಮಗ ಎಂಜಿನಿನ ಮುಚ್ಚಲು ತೆಗದು ಕೂದ. ಪ್ಲಗ್ಗು ಬಿಡುಸಿದ, ಉದ್ದಿದ, ಹಾಕಿದ. ಪೆಟ್ರೋಲಿನ ಫಿಲ್ಟರು ನೋಡಿದ. "ಪೆಟ್ರೋಲಿಲಿ ನೀರು ಸೇರಿಕ್ಕು" ಹೇಳಿದ. ಆನು, "ಮಗಾ, ಎಂಜಿನು ಸರಿಯೇ ಇದ್ದಾಯಿಕ್ಕು" ಹೇಳಿದೆ. "ಅಮ್ಮಾ, ಒಂದರಿ ಸುಮ್ಮನೆ ಕೂರ್ತೆಯಾ?" ಹೇಳಿದ. ಅವ ಚಳಿಗೆ ನಡುಗಿಗೊಂಡಿತ್ತಿದ್ದ, ಕೋಪಲ್ಲಿ ಹೇಳಿದ್ದಲ್ಲ, ಹೆದರಿಕೆಲಿ ಹೇಳಿದ್ದು. ಆದರೂ ಆ ಅಜ್ಜನ ಎದುರು ಹೇಳಿದ್ದು ಎನಗೆ ಕುತ್ತಿತ್ತು. ದೂರ ಹೋಗಿ ಒಂದು ಕಲ್ಲಿಲಿ ಕೂದೆ.

ಎನಗೆ ಎಂತಕೆ ಹಾಂಗೆ ಕಂಡತ್ತು ಹೇಳಿರೆ, ಅದರ ಹಿಂದೆ ಒಂದು ಕತೆ ಇದ್ದು. 2009ರ ಮಾರ್ಚಿಲಿ ಇವಕ್ಕೆ ಹಾರ್ಟಿನ ಓಪರೇಶನು ಆಗಿ ಮನುಗಿತ್ತಿದ್ದವು. ಮಗ ಹೋಸ್ಟೆಲಿಲಿ. ತೋಟದ ಜೆಬಾಬ್ದಾರಿ ಎನ್ನ ತಲಗೆ ಬಂತು. ಒಂದಿರುಳು ಪಂಪು ಹಾಕಿರೆ ಮೋಟರು ತಿರುಗುತ್ತು, ಜೆಟ್ಟು ತಿರುಗುತ್ತಿಲ್ಲೆ. ಮೆಕ್ಯಾನಿಕ್ಕು ಬಂದು ನೋಡಿ, "ಅಕ್ಕಾ, ಮೋಟರು ವೀಕಾಯಿದು, ವೈಂಡಿಂಗು ಮಾಡೆಕ್ಕು" ಹೇಳಿ ಹೊತ್ತೊಂಡು ಹೋದ. ಐದು ದಿನ, ಏಳು ಸಾವಿರ ರುಪಾಯಿ. ತಂದು ಕೂರ್ಸಿರೆ ಪುನಾ ಅದೇ ಪಾಡು! ಆ ಐದು ದಿನಲ್ಲಿ ಹೊಸತ್ತು ನೆಟ್ಟ ನಲುವತ್ತು ಸೆಸಿ ಬಾಡಿತ್ತು. ಇವಕ್ಕೆ ಗೊಂತಾದರೆ ಎದ್ದು ತೋಟಕ್ಕೆ ಇಳಿಗು ಹೇಳಿ ಆನು ಹೇಳಿದ್ದಿಲ್ಲೆ. "ನೀರು ಬತ್ತಾ ಇದ್ದು, ಮನುಗಿ" ಹೇಳಿಗೊಂಡೇ ಇತ್ತಿದ್ದೆ.

ಆರನೇ ದಿನ ಪಂಪಿಂಗೆ ನೀರು ತುಂಬುಸುವಗ ಕೊಡಪ್ಪಾನದ ನೀರು ರಜ ಸಕ್ಷನ್ ಪೈಪಿನ ಬೆಂಡಿನ ಮೇಲೆ ಚೆಲ್ಲಿತ್ತು. ಅಷ್ಟಪ್ಪಗ ಪಂಪಿನ ಶಬ್ದ ಬದಲಿತ್ತು. ಹಗುರಕ್ಕೆ ಗುಂಯ್ ಹೇಳಿಗೊಂಡಿದ್ದದು ಒಂದು ಕ್ಷಣ ಭಾರ ಎತ್ತಿದ ಹಾಂಗೆ ಮುಲುಕಿತ್ತು, ಸ್ಟಾರ್ಟರು ಪೆಟ್ಟಿಗೆಯ ಎಂಪಿಯರು ಮುಳ್ಳು ಮೇಲೆ ಏರಿತ್ತು, ಮತ್ತೆ ಕೆಳ ಬಿದ್ದತ್ತು. ಇನ್ನೊಂದರಿ ಎರದೆ, ಪುನಾ ಹಾಂಗೇ ಆತು. ಬೆಂಡಿನ ರಬ್ಬರು ಒಡದು ಅಲ್ಲಿಂದ ಗಾಳಿ ಎಳಕ್ಕೊಂಡಿತ್ತು. ನೀರು ಎರದಷ್ಟು ಹೊತ್ತು ಒಟ್ಟೆ ಮುಚ್ಚುತ್ತು, ನೀರು ಇಳುದರೆ ಪುನಾ ಗಾಳಿ. ಗಾಳಿ ಸೇರಿರೆ ಇಂಪೆಲ್ಲರಿಂಗೆ ಹಿಡಿವಲೆ ಎಂತದೂ ಸಿಕ್ಕುತ್ತಿಲ್ಲೆ, ಬರೀ ತಿರುಗುತ್ತು. ಮೋಟರಿಂಗೆ ಕೆಲಸ ಕಮ್ಮಿ ಆವುತ್ತು ಹೊರತು ಅದು ಹಾಳಾದ್ದಲ್ಲ. ಸೈಕಲು ಟ್ಯೂಬಿನ ಸೀಳಿ, ಗ್ರೀಸು ಉದ್ದಿ ಬಿಗುದು ಕಟ್ಟಿದೆ. ಜೆಟ್ಟು ತಿರುಗಿತ್ತು. ಆ ಇರುಳು ತೋಟಲ್ಲಿ ಒಬ್ಬನೇ ನಿಂದು ಕೂಗಿದೆ. ನಲುವತ್ತು ಸೆಸಿಗೋ, ಏಳು ಸಾವಿರಕ್ಕೋ, ಅಲ್ಲ ಇವಕ್ಕೆ ಹೇಳಿದ ಲೊಟ್ಟೆಗೋ, ಈಗಳೂ ಎನಗೆ ಗೊಂತಿಲ್ಲೆ.

ಕಲ್ಲಿಲಿ ಕೂದೊಂಡು ಇದೆಲ್ಲ ನೆಂಪಾತು. ಮಗ ಪುನಾ ಎಂಜಿನು ಸುರು ಮಾಡಿದ. ಅದೇ ಹಗುರದ ಬೊಬ್ಬೆ. ಎಂಜಿನೇ ಸೋತದಾದರೆ ಅದು ಮುಕ್ಕುಗು, ವೇಗ ಏರ. ಇದು ಏರ್ತಾ ಇದ್ದು, ಬೋಟು ಹೋವುತ್ತಿಲ್ಲೆ. ಹಾಂಗಾರೆ ತೊಂದರೆ ನೀರಿನ ದಾರಿಲಿ. ಎದ್ದು ಹೋಗಿ ಮಗನ ಬಿಟ್ಟು ಸೀದಾ ಅಜ್ಜನ ಹತ್ತರೆಯೇ, ಪೀಯೂಸಿಲಿ ಕಲ್ತ ಇಂಗ್ಲೀಷಿಲಿ, "ಎಂಜಿನ್ ಗುಡ್. ವಾಟರ್ ನಾಟ್ ಕಮಿಂಗ್. ಏರ್ ಕಮಿಂಗ್" ಹೇಳಿದೆ. ಅಜ್ಜ ತೊಪ್ಪಿ ತೆಗದು ಎನ್ನ ಮೋರೆ ನೋಡಿದವು. ಮತ್ತೆ ಎಂಜಿನು ಬಂದ್ ಮಾಡಿ, ಕೀಲಿ ತೆಗದು ಕಿಸೆಲಿ ಮಡಿಕ್ಕೊಂಡವು. ಎಂಗಳ ಊರಿಲಿ ಫ್ಯೂಸು ತೆಗದು ಸೊಂಟಲ್ಲಿ ಮಡಿಕ್ಕೊಂಬ ಹಾಂಗೆ. ಇಂಪೆಲ್ಲರಿನ ಹತ್ತರೆ ಕೈ ಹಾಕುವ ಮದಲು ಅದೊಂದು ಮಾಡ್ಲೇ ಬೇಕು.

ಅಜ್ಜ ಹೊಟ್ಟೆ ಅಡಿ ಹಾಕಿ ಮನುಗಿ ಜಾಲರಿಗೆ ಕೈ ಹಾಕಿದವು. ಒಂದು ಹಿಡಿ ವಿಲ್ಲೋ ಬೇರು, ಮತ್ತೆ ಚೆಂಡಿ ಹತ್ತಿಯ ಹಾಂಗಿಪ್ಪ ಕಂದು ಪಾಚಿ ಬಂತು. ಡಿಡಿಮೋ ಹೇಳ್ತವಡ ಅದಕ್ಕೆ, 2004ರಲ್ಲಿ ಅಲ್ಯಾಣ ಹೊಳೆಲಿ ಸುರುವಿಂಗೆ ಕಂಡದಡ. ಒಂದು ಹೊಳೆಂದ ಇನ್ನೊಂದಕ್ಕೆ ಹಬ್ಬದ್ದ ಹಾಂಗೆ ಬೋಟಿನ ತೊಳದು ಒಣಗುಸಿಯೇ ಕೊಂಡೋಯೆಕ್ಕು. ನೋಡಿರೆ ದೋಸೆಹಿಟ್ಟು ಹಾಳಾದ ಹಾಂಗಿತ್ತು, ಅದು ಬಿಡಿ.

ಬೋಟಿನ ರಜ ಆಳದ ನೀರಿಂಗೆ ದೂಡಿ, ಹಗ್ಗ ಹಿಡುದು ಸುರು ಮಾಡಿದವು. ದಿಬ್ಬದ ಹತ್ತರೆ ಸುರು ಮಾಡ್ಲಾಗ, ಜಲ್ಲಿಯ ಎಳಗು. ಮದಲಿಂದ ಅಡ್ಡಿಯಿಲ್ಲೆ, ಆದರೆ ವೇಗ ಏರುಸಿರೆ ಪುನಾ ಬೊಬ್ಬೆ. ಹಿಂದಂದ ಬಪ್ಪ ನೀರು ಬೆಳಿ ನೊರೆ. ಆನು, "ಇನ್ನೂ ಗಾಳಿ ಇದ್ದು" ಹೇಳಿದೆ. ಈ ಸರ್ತಿ ಮಗ ಎಂತ ಹೇಳಿದ್ದಾ ಇಲ್ಲೆ. ಜಾಲರಿಯ ನೇರಕ್ಕೆ ಬೋಟಿನ ಒಳಂದ ಕೈ ಹಾಕಿ ಕಸ ತೆಗವಲೆ ಒಂದು ಮುಚ್ಚಲು ಇದ್ದು. ಊಟದ ಡಬ್ಬಿಯ ಮುಚ್ಚಲಿಲಿ ನೀರು ತೆಗದು ಅದರ ಕರೆಂಗೆ ಎರದೆ. ಎರದ ನೀರು ಸುಯ್ ಹೇಳಿ ಒಳ ಹೋತು, ಎಂಜಿನು ಒಂದು ಕ್ಷಣ ಮುಲುಕಿತ್ತು.

ಬಂದ್ ಮಾಡಿ ಮುಚ್ಚಲು ತೆಗದರೆ, ರಬ್ಬರು ಬಳೆಯ ಅಡಿಲಿ ಒಂದು ಕಲ್ಲಿನ ಚೂರು. ಜೀರಿಗೆಯಷ್ಟು ದೊಡ್ಡ ಇಕ್ಕು. ಹೋದ ಆಯಿತ್ಯವಾರ ಕಸ ತೆಗದಿಕ್ಕಿ ಆ ಮುಚ್ಚಲು ಹಾಕಿದ್ದು ಮಗನೇ. ಅವನ ಮೋರೆ ನೋಡಿದೆ, ಕೆಂಪಾಗಿತ್ತು. ಅಜ್ಜಂಗೂ ಗೊಂತಾತು ಖಂಡಿತ. ಆದರೆ ಅವು ಹೇಳಿದ್ದು, "ರಬ್ಬರು ಹಳತ್ತಾಯಿದು" ಹೇಳಿ ಮಾಂತ್ರ. ಎನ್ನ ಶಾಲಿಲಿ ಉದ್ದಿ, ಹಿಮ್ಮಡಿ ಒಡವದಕ್ಕೆ ಹೇಳಿ ಚೀಲಲ್ಲಿ ಮಡಿಕ್ಕೊಂಡಿದ್ದ ವ್ಯಾಸಲೀನಿನ ಬಳೆಗೆ ಪೂಸಿ ಕೊಟ್ಟೆ. ಬಿಗುದು ಸುರು ಮಾಡಿಯಪ್ಪಗ ಬೋಟು ಮಗನ ಕೈಂದ ಹಗ್ಗವನ್ನೇ ಎಳಕ್ಕೊಂಡತ್ತು.

ಮನಗೆ ಎತ್ತುವಗ ಎರಡೂವರೆ. ಸೊಸೆ ಬಾಬೆಯ ಹೆಗಲಿಂಗೆ ಹಾಕಿಗೊಂಡು ಗೇಟಿಲಿ ನಿಂದಿತ್ತು, ಕಣ್ಣು ಬೀಗಿತ್ತು. ಮಗನ ಹತ್ತರೆ ಇರುಳೊರೆಗೆ ಮಾತಾಡಿದ್ದಿಲ್ಲೆ, ಎನ್ನ ಹತ್ತರೆಯುದೆ ಅಷ್ಟಕ್ಕಷ್ಟೆ. ತಪ್ಪು ಹೇಳ್ಲೆಡಿಯ. ಆನು ಬಾಬೆಯ ಮೀಶಿ, ಅದಕ್ಕೆ ಬೆಶಿ ಸಾರು ಅಶನ ಬಳುಸಿದೆ.

ಇರುಳು ಪಾತ್ರೆ ತೊಳವಗ ಮಗ ಹತ್ತರೆ ಬಂದು ನಿಂದ. "ಅಮ್ಮಾ, ನಿನಗೆ ಇದೆಲ್ಲ ಹೇಂಗೆ ಗೊಂತು?" ಕೇಳಿದ. 2009ರ ಕತೆ ಹೇಳಿದೆ. "ಎನಗೆ ಹೇಳಿದ್ದೇ ಇಲ್ಲೆನ್ನೆ" ಹೇಳಿದ. "ನಿನಗೆ ಪರೀಕ್ಷೆ ಇತ್ತಲ್ಲದಾ" ಹೇಳಿದೆ. ಅವ ಉದ್ದುವ ವಸ್ತ್ರ ತೆಕ್ಕೊಂಡು ಪಾತ್ರೆ ಉದ್ದುಲೆ ಸುರು ಮಾಡಿದ. ಮದುವೆಂದ ಮದಲು ಒಂದು ಗ್ಲಾಸುದೆ ತೊಳದ ಮಾಣಿ ಅಲ್ಲ ಅವ.

ಮರುವಾರ ಅಜ್ಜ ಬೋಟಿನ ಹಳೆ ಇಂಪೆಲ್ಲರಿನ ಒಂದು ಗೋಣಿಲಿ ಕಟ್ಟಿ ತಂದವು, ಎನಗೆ ತೋರುಸುಲೆ ಹೇಳಿಯೇ. ಹೊಯಿಗೆ, ಜಲ್ಲಿ ತಾಗಿ ರೆಕ್ಕೆಯ ಕರೆ ಎಲ್ಲ ಸವದು ಉರುಟಾಗಿತ್ತು. ರೆಕ್ಕೆಗುದೆ ಸುತ್ತಾಣ ಬಳೆಗುದೆ ಎಡೆ ಜಾಸ್ತಿ ಆದರೆ ನೀರು ಹಿಂದೆ ಜಾರುತ್ತು, ದೂಡುವ ಶೆಗ್ತಿ ಇಳಿತ್ತು. ಎಂಗಳ ಪಂಪಿಂದುದೆ ಹಾಂಗೆಯೇ ಸವದಿತ್ತು, ಹೊಳೆಗೆ ಮಡುಗಿದ ವರ್ಷ. ಅಜ್ಜಂಗೆ ಕಡುಬು ಕೊಟ್ಟೆ, ಎರಡು ತಿಂದವು, ಚಟ್ಣಿ ಮುಟ್ಟಿದ್ದವಿಲ್ಲೆ.

ಮೊನ್ನೆ ಇವರ ಫೋನು ಬಂತು. "ಪಂಪು ನೀರು ಎಳೆತ್ತಿಲ್ಲೆ, ಮೋಟರು ಬರೀ ತಿರುಗುತ್ತು. ಮೆಕ್ಯಾನಿಕ್ಕಿಂಗೆ ಹೇಳೆಕ್ಕೋ?" ಕೇಳಿದವು.

"ಮದಲು ಬೆಂಡಿಂಗೆ ಒಂದು ಕೊಡಪ್ಪಾನ ನೀರೆರದು ನೋಡಿ" ಹೇಳಿದೆ.