ಹುಟ್ಟುವಾಗಲೇ ಮುದ್ರೆ ಬಿದ್ದ ಹೆಸರು

"ಪರ್ಸನಲ್ ಬ್ರ್ಯಾಂಡ್ ಕಟ್ಟಿಕೊಳ್ಳಿ, ಕೆಲಸ ತಾನಾಗಿ ಹುಡುಕಿಕೊಂಡು ಬರುತ್ತೆ." ಕಾಲೇಜು ಮುಗಿಸಿದ ಹುಡುಗ ಹುಡುಗಿಯರಿಗೆ ಈಗ ಎಲ್ಲಾ ಕಡೆ ಸಿಗ್ತಿರೋ ಉಪದೇಶ ಇದು. ಒಳ್ಳೆ ಫೋಟೋ ಹಾಕಿ, ನಿಮ್ಮ ಕಥೆ ಹೇಳಿ, ದಿನಾ ಏನಾದ್ರೂ ಬರೀರಿ. ಆದರೆ ನಮ್ಮ ಮಕ್ಕಳ ಹೆಸರಿನ ಮೇಲೆ ಅವರು ಹುಟ್ಟುವಾಗಲೇ ಸಮಾಜ ಒಂದು ಮುದ್ರೆ ಒತ್ತಿರುತ್ತೆ. ಉಪದೇಶ ಮಾಡೋರು ಅದನ್ನ ಲೆಕ್ಕಕ್ಕೇ ಹಿಡಿಯಲ್ಲ.

ನಮ್ಮ ಕಡೆ ಎಷ್ಟೋ ಜನರ ಹೆಸರಲ್ಲಿ ಜಾತಿ ಕಾಣಲ್ಲ. ಊರಿಂದೊಂದು, ಅಪ್ಪಂದೊಂದು ಇನಿಷಿಯಲ್, ಅಷ್ಟೇ. ಅದಕ್ಕೇ ಸುತ್ತಿ ಬಳಸಿ ಕೇಳ್ತಾರೆ: "ಯಾವೂರು?" "ಊರಲ್ಲಿ ಯಾವ ಬೀದಿ?" "ವೆಜ್ಜಾ, ನಾನ್‌ವೆಜ್ಜಾ?" ಹೆಸರಲ್ಲೇ ಜಾತಿ ಕಂಡರೆ ಏನಾಗುತ್ತೆ ಅಂತ ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ಥರದ ವಿದ್ಯಾರ್ಹತೆಯ ಅರ್ಜಿಗಳನ್ನ ಬೇರೆ ಬೇರೆ ಹೆಸರಲ್ಲಿ ಕಳಿಸಿದ್ರು. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು. ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ.

ಮೊನ್ನೆ ಹಾಸ್ಟೆಲ್‌ನಲ್ಲಿ ಫೈನಲ್ ಇಯರ್ ಹುಡುಗಿ ಒಬ್ಬಳು ಕೇಳಿದಳು: "ಅಣ್ಣಾ, ಏಪ್ರಿಲ್ 14ಕ್ಕೆ ಲಿಂಕ್ಡ್‌ಇನ್‌ನಲ್ಲಿ ಬಾಬಾಸಾಹೇಬರ ಫೋಟೋ ಹಾಕ್ಲಾ, ಬೇಡ್ವಾ? ಹಾಕಿದ್ರೆ ಇಂಟರ್‌ವ್ಯೂಗೆ ಕರೀದೆ ಇರಬಹುದು. ಹಾಕ್ದಿದ್ರೆ ನನಗೇ ಒಂಥರಾ ಆಗುತ್ತೆ." "ಹೆದರಬೇಡಮ್ಮ, ಹಾಕು" ಅನ್ನೋದು ನನಗೆ ಸುಲಭ. ಕೆಲಸ ಹೋಗೋದು ಅವಳದ್ದು. ಅದಕ್ಕೇ ಅವಳಿಗೆ ಎರಡು ಸಂಗತಿ ಹೇಳಿದೆ.

1920ರ ಜನವರಿ 31ರಂದು 'ಮೂಕನಾಯಕ' ಪತ್ರಿಕೆ ಶುರುವಾದಾಗ ಬಾಬಾಸಾಹೇಬರಿಗೆ 28 ವರ್ಷ. ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರು, ಸರ್ಕಾರಿ ಕೆಲಸ. ಸಂಪಾದಕರ ಜಾಗದಲ್ಲಿ ಇದ್ದದ್ದು ಪಾಂಡುರಂಗ ಭಟ್ಕರ್ ಹೆಸರು. ಪತ್ರಿಕೆಯ ಮಾತು, ದಿಕ್ಕು ಬಾಬಾಸಾಹೇಬರದು. ಹೆಸರು ಹಿಂದಿಟ್ಟು ಕೆಲಸ ಮುಂದಿಟ್ಟರು.

1975ರಲ್ಲಿ ಸಿದ್ದಲಿಂಗಯ್ಯನವರ ಮೊದಲ ಸಂಕಲನ ಬಂದಾಗ ಅವರಿಗೆ ಇಪ್ಪತ್ತೊಂದರ ಆಸುಪಾಸು. ಊರು ಬೈಗುಳವಾಗಿ ಬಳಸ್ತಿದ್ದ ಹೆಸರನ್ನೇ ಮುಖಪುಟಕ್ಕೆ ಹಾಕಿದ್ರು: 'ಹೊಲೆಮಾದಿಗರ ಹಾಡು'. ಕನ್ನಡ ಅವರನ್ನ ಆ ಹೆಸರಿಂದಲೇ ಗುರುತಿಸಿತು.

ಒಬ್ಬರು ಹೆಸರು ಮರೆಯಲ್ಲಿಟ್ಟರು, ಇನ್ನೊಬ್ಬರು ಜಾತಿಯನ್ನೇ ಎತ್ತಿ ತೋರಿಸಿದರು. ಇಬ್ಬರೂ ತಮ್ಮ ಕಾಲ, ಜಾಗ ನೋಡಿ ತಾವೇ ತೀರ್ಮಾನ ಮಾಡಿದ್ರು. ನಿಮ್ಮ ಜಾತಿ ಯಾವಾಗ, ಯಾರ ಮುಂದೆ ಹೇಳಬೇಕು ಅನ್ನೋದು ನಿಮ್ಮ ಹಕ್ಕು. ಎಚ್‌ಆರ್ ಕೆದಕಿದ್ರು ಅಂತ ಹೇಳಬೇಕಿಲ್ಲ. ನಮ್ಮಂಥ ಸಂಘಟನೆಯವರು ಒತ್ತಾಯ ಮಾಡಿದ್ರು ಅಂತಲೂ ಹೇಳಬೇಕಿಲ್ಲ.

ಮಾಡಿದ ಕೆಲಸಕ್ಕೆ ಮಾತ್ರ ನಿಮ್ಮ ಹೆಸರು ಇರಲೇಬೇಕು. ರಾತ್ರಿಯೆಲ್ಲಾ ಕೂತು ಮಾಡಿದ್ದು ನೀವು, ಮೀಟಿಂಗ್‌ನಲ್ಲಿ ತೋರಿಸೋದು ಇನ್ನೊಬ್ಬರು. ಇದು ನಡೀತಾನೇ ಇರುತ್ತೆ. ಕೆಲಸ ಮುಗಿದ ದಿನವೇ ನಿಮ್ಮ ಹೆಸರಲ್ಲಿ ಮೇಲ್ ಹೋಗಲಿ. ಏನು ಮಾಡಿದೆ, ಏನು ಕಲಿತೆ ಅಂತ ತಿಂಗಳಿಗೊಮ್ಮೆ ನಾಲ್ಕು ಸಾಲು ಬರೀರಿ. ಇಂಗ್ಲಿಷ್ ತಡವರಿಸಿದ್ರೆ ಕನ್ನಡದಲ್ಲೇ ಬರೀರಿ, ನಿಮ್ಮ ಹಿಂದೆ ಬರೋ ತಮ್ಮ ತಂಗಿಯರಿಗೆ ದಾರಿ ಆಗುತ್ತೆ.

ಇನ್ನೊಂದು ಮಾತು. ನಮ್ಮ ಬಡತನಕ್ಕೂ ಮಾರ್ಕೆಟ್ ಇದೆ. 'ಕೂಲಿಯವನ ಮಗ ಇಂಜಿನಿಯರ್' ಅಂದ್ರೆ ಲೈಕ್ ಮೇಲೆ ಲೈಕ್. ಅವ್ವನ ಬೆವರಿನ ಬಗ್ಗೆ ಹೇಳ್ಕೊಳ್ಳಿ, ನಾಚಿಕೆ ಯಾಕೆ? ಆದರೆ 'ಪಾಪ' ಅನ್ನಿಸಿಕೊಳ್ಳೋದೇ ನಿಮ್ಮ ಗುರುತಾದ್ರೆ, ನಿಮ್ಮ ಕೆಲಸದ ಕಡೆ ಯಾರೂ ನೋಡಲ್ಲ.

ಈಗಾಗಲೇ ಒಳಗೆ ಹೋಗಿ ಕೂತಿರೋ ನಮ್ಮವರಿಗೂ ಒಂದು ಮಾತಿದೆ. ಬೇರೆಯವರ ಮಕ್ಕಳಿಗೆ ಮಾವನೋ ಚಿಕ್ಕಪ್ಪನೋ ಒಂದು ಫೋನ್ ಮಾಡ್ತಾರೆ. ಅದನ್ನ ಯಾರೂ ಮೀಸಲಾತಿ ಅನ್ನಲ್ಲ. ಕೇರಿಯಿಂದ ಬಂದ ಹುಡುಗಿಗೆ ಆ ಫೋನ್ ನೀವು ಮಾಡಿ. ಅವಳ ರೆಸ್ಯೂಮೆ ಒಮ್ಮೆ ಓದಿ, ತಿದ್ದಿಕೊಡಿ.

ಜೈ ಭೀಮ್.